ಜೇಬಿಲ್ಲದ ವೀಟೊ

ನಾಳೆ ಹತ್ತೂವರೆಗೆ ಪರೀಕ್ಷೆ.
ಮಂಡ್ಯದ ಕಾಲೇಜಿನ ಹದಿನಾಲ್ಕನೇ ಕೊಠಡಿಯಲ್ಲಿ
ಒಂದು ಫ್ಯಾನು ತಿರುಗುತ್ತದೆ,
ಇನ್ನೊಂದು ತಿರುಗಿದಂತೆ ಸದ್ದು ಮಾಡುತ್ತದೆ.
ಮೂವತ್ತೊಂದು ಹುಡುಗಿಯರು, ಒಂದು ಅಮೆರಿಕ,
ಮತ್ತು ನಾನು, ಅತಿಥಿ ಉಪನ್ಯಾಸಕಿ.
ಹನ್ನೊಂದು ವರ್ಷದ ಅತಿಥಿ,
ಯಾರೂ ಇನ್ನೂ ಕೂತ್ಕೊಳ್ಳಿ ಅಂದಿಲ್ಲ.

ಮೊದಲಿಂದ ಬರೋಣ ಅನ್ನುತ್ತೇನೆ.
ಅಧಿಕಾರ ಮೂರು ಪಾಲು.
ಕಾನೂನು ಮಾಡುವವರು, ನಡೆಸುವವರು,
ತಪ್ಪಿದಾಗ ತಿವಿಯುವವರು.
ಯಾರೂ ಇನ್ನೊಬ್ಬರ ಮುಷ್ಟಿಯಲ್ಲಿರಬಾರದು,
ಯಾರ ಮುಷ್ಟಿಯೂ ಪೂರಾ ಬಿಡುವಾಗಿರಬಾರದು.
"ನಾಲೆ ತೂಬಿನ ಥರ" ಅನ್ನುತ್ತಾಳೆ ಕಿಟಕಿ ಪಕ್ಕದವಳು,
"ಬೀಗದಕೈ ಎಂಜಿನಿಯರ್ ತಾವ, ಸನಿಕೆ ನೀರುಗಂಟಿ ತಾವ,
ಬಾಯಿ ಮಾತ್ರ ಕೊನೇ ಗದ್ದೆಯೋರ ತಾವ."
ನಗು. ಬೋರ್ಡಿನ ಮೇಲೆ ಮೂರು ಚೌಕ ಎಳೆಯುತ್ತೇನೆ.
ಸುಪ್ರೀಂ ಕೋರ್ಟಿಗೆ ಬರುವಾಗ
ಸೀಮೆಸುಣ್ಣ ಮುರಿಯುತ್ತದೆ.

ಪ್ರತಿನಿಧಿ ಸಭೆ ನಾನೂರ ಮೂವತ್ತೈದು, ಎರಡು ವರ್ಷ.
ಸೆನೆಟ್ ನೂರು, ಆರು ವರ್ಷ.
ರಾಜ್ಯ ಅಂಗೈಯಗಲವಿರಲಿ ಆನೆಯಗಲವಿರಲಿ
ಸೆನೆಟಿಗೆ ತಲಾ ಇಬ್ಬರೇ.
ಅದು ನ್ಯಾಯವಾ ಮೇಡಂ?
ಎರಡು ಅಂಕದ ಪ್ರಶ್ನೆಯಲ್ಲ ಅದು, ಮುಂದೆ ಬನ್ನಿ.
ಮತದಾರರ ಮಂಡಳಿ ಐನೂರ ಮೂವತ್ತೆಂಟು,
ಇನ್ನೂರ ಎಪ್ಪತ್ತು ಮುಟ್ಟಿದವರು ಗೆದ್ದರು.
ಜನರ ವೋಟು ಹೆಚ್ಚು ಬಂದೂ ಸೋಲಬಹುದು.
"ಅದೆಂಗೆ ಮೇಡಂ?"
ಹಿಂದಿನ ಬೆಂಚಿನ ಮುಬೀನಾ, ಈ ವಾರದಲ್ಲಿ ಆರನೇ ಸಲ.
ಆರನೇ ಸಲವೂ
ನನ್ನ ಉತ್ತರಕ್ಕಿಂತ ಅವಳ ಹುಬ್ಬೇ ಸರಿಯೆನಿಸುತ್ತದೆ.

ಕೊನೆಗೆ ವೀಟೊ.
ಬೇಡವೆಂದು ಮಸೂದೆ ವಾಪಸ್ ಕಳಿಸಿದರೆ
ಎರಡೂ ಮನೆಗಳಲ್ಲಿ ಮೂರರಲ್ಲಿ ಎರಡು ಪಾಲು ಸೇರಿ ಮೀರಬಹುದು.
ಇನ್ನೊಂದು ಬಗೆಯಿದೆ, ಸದ್ದಿಲ್ಲದ್ದು.
ಬೇಕು ಅನ್ನುವುದಿಲ್ಲ, ಬೇಡ ಅನ್ನುವುದಿಲ್ಲ,
ಜೇಬಿನಲ್ಲಿಟ್ಟು ಸುಮ್ಮನಿರುವುದು.
ಭಾನುವಾರ ಬಿಟ್ಟು ಹತ್ತು ದಿನ.
ಅಷ್ಟರಲ್ಲಿ ಕಾಂಗ್ರೆಸ್ಸು ಕಲಾಪ ಮುಗಿಸಿ ಎದ್ದಿದ್ದರೆ
ಮಸೂದೆ ಸತ್ತಂತೆ.

ಮೂರು ವರ್ಷ ಬಾಯಿ ತೆರೆಯದ ಮೋನಿಷಾ ಎದ್ದು ನಿಂತಳು.
"ನಮ್ಮವ್ವುಂಗೆ ಜೇಬಿಲ್ಲ ಮೇಡಂ."

ಅವ್ವ ಪಂಚಾಯ್ತಿ ಅಧ್ಯಕ್ಷೆ.
ಮೀಸಲು ಸೀಟು. ಸಹಿ ಅವ್ವಂದು, ಕುರ್ಚಿ ಅಪ್ಪಂದು.
ತೋರಿಸಿದ ಕಡೆಗೆಲ್ಲ ಒತ್ತಿ ಒತ್ತಿ ಬರೆಯುತ್ತಿದ್ದಳು.
ಮಾರ್ಚಿಯಲ್ಲಿ ಒಂದು ಬಿಲ್ಲು ಬಂತು,
ತೋಡದ ಚರಂಡಿಗೆ ಎರಡು ಲಕ್ಷದ ಹದಿನೆಂಟು ಸಾವಿರ.
"ಬೆಳ್ಳಿಟ್ಟು ಒಂದೊಂದೇ ಗೆರೆ ಓದಿದ್ಲು ಮೇಡಂ.
ಮಡ್ಸಿ ಎಲಡಕೆ ಚೀಲದೊಳಕ್ಕೆ,
ಸುಣ್ಣದ ಡಬ್ಬಿ ಕೆಳಗೆ ಮಡಗಿ
ಹಸ ಕರೆಯಾಕೆ ಹೋದ್ಲು."
ಅಪ್ಪ ಕೂಗಾಡಿದ.
ಕಂಟ್ರಾಕ್ಟರು ಮೂರು ದಿನ ಬಂದು ಕಾಪಿ ಕುಡಿದು ಹೋದ.
ಗಂಡನ ಮನೆ, ತವರು ಮನೆ,
ಎರಡೂ ಮನೆಯವರು ಕೂತು ನ್ಯಾಯ ಮಾಡಿದರು.
ಮೀರೋಣ ಅಂದರೆ ಕಾಗದವೇ ಸಿಗಲಿಲ್ಲ.
ಅವ್ವ ಬೇಡ ಅಂತ ಒಂದು ಸಲವೂ ಅನ್ನಲಿಲ್ಲ.
ಮೂವತ್ತೊಂದನೇ ತಾರೀಖು ದಾಟಿತು,
ದುಡ್ಡು ಬಂದ ದಾರಿಯಲ್ಲೇ ಹೋಯಿತು.

"ಇದನ್ನ ಉದಾಹರಣೆ ಅಂತ ಬರೀಬೌದಾ?"

ಮೌಲ್ಯಮಾಪಕರ ಕೈಯಲ್ಲಿ ಮಾದರಿ ಉತ್ತರ ಇರುತ್ತದಮ್ಮ,
ಅದರಲ್ಲಿ ನಿಮ್ಮವ್ವ ಇಲ್ಲ,
ಎಂದು ಹೇಳಬೇಕಿತ್ತು.
ನನ್ನ ಮೂರು ತಿಂಗಳ ಸಂಬಳದ ಬಿಲ್ಲು
ಯಾರ ಎಲಡಕೆ ಚೀಲದಲ್ಲಿದೆಯೋ, ಅದು ನೆನಪಾಗಿ
ಗಂಟಲು ಸರಿಮಾಡಿಕೊಂಡೆ.
ಅಷ್ಟರಲ್ಲಿ ದುದ್ದದ ಬಸ್ಸಿನ ಹೊತ್ತಾಯಿತು,
ಅರ್ಧ ತರಗತಿ ಎದ್ದು ಓಡಿತು.
ಬರಿ ಅಂದೆ. ಎರಡೇ ಸಾಲು. ಹೆಸರು ಬೇಡ.

ಆಗಸ್ಟಿನಲ್ಲಿ ಉತ್ತರಪತ್ರಿಕೆಯ ಜೆರಾಕ್ಸ್ ತರಿಸಿ ತೋರಿಸಿದಳು.
ಒಂದೂವರೆ ಪುಟ ಬರೆದಿದ್ದಾಳೆ.
ಹೆಸರೂ ಇದೆ, ಚಿಕ್ಕತಾಯಮ್ಮ, ದಪ್ಪಕ್ಷರದಲ್ಲಿ.
ಐದಕ್ಕೆ ಎರಡೂವರೆ.
ಹೆಸರಿನ ಕೆಳಗೊಂದು ಗೆರೆ,
ಅಂಚಿನಲ್ಲಿ ಯಾರದೋ ಅವಸರದ ಕೈಬರಹ:
ಇವರು ಎಷ್ಟನೆಯ ಅಧ್ಯಕ್ಷರು?